ಸಿಂಗಾಪುರ, ಬ್ಯಾಂಕಾಕ್, ಕೌಲಾಲಂಪುರ: ಅತ್ತೆಯ ಜೊತೆ ಫೈವ್ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೌಲಾಲಂಪುರಕ್ಕೆ. ಸಿಂಗಾಪುರ ನೋಡಲು ಚೆಂದ, ಬ್ಯಾಂಕಾಕ್ ಸುತ್ತಾಡಲು ಚೆಂದ. ಆದರೆ ಹುಬ್ಬಳ್ಳಿಯ ಸಸ್ಯಾಹಾರಿ ಮನೆಯವರು ವಯಸ್ಸಾದವರನ್ನು ಕರೆದುಕೊಂಡು, ಕೂಡಿಟ್ಟ ರೊಕ್ಕದಲ್ಲಿ ದೊಡ್ಡ ಹೋಟೆಲ್‌ನಲ್ಲಿ ನಾಲ್ಕು ದಿನ ಇದ್ದು ಬರಬೇಕು ಅಂದರೆ ಕೌಲಾಲಂಪುರದಷ್ಟು ತಲೆನೋವಿಲ್ಲದ ಊರು ನನಗೆ ಸಿಕ್ಕಿಲ್ಲ. ಮೂರೂ ಊರಿಗೆ ಬೇರೆ ಬೇರೆ ವರ್ಷ ಹೋಗಿದ್ದು. ಮೂರರಲ್ಲೂ ಅದೇ ಜನ: ನಾನು, ನಮ್ಮನೆಯವರು, ಅತ್ತೆ. ನಾನು ಅಂಗಡಿಗಳ ಲೆಕ್ಕ ಬರೆಯುವವಳು, ಬಿಲ್ ಕೈಗೆ ಬಂದರೆ ಮೊದಲು ಕೊನೆಯ ಸಾಲು ನೋಡುತ್ತೇನೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಮ್ಮನೆಯವರು ಹೊರಗೆ ಹೋದರೆ ಎಲ್ಲಾ ತಿನ್ನುತ್ತಾರೆ, ಅತ್ತೆಗೆ ಅದು ಗೊತ್ತಿಲ್ಲ ಅಂತ ಅವರು ಅಂದುಕೊಂಡಿದ್ದಾರೆ. ಈಜುಕೊಳ ಎಷ್ಟು ದೊಡ್ಡದು, ಟಿವಿ ಎಷ್ಟು ಇಂಚು ಅನ್ನುವುದನ್ನೆಲ್ಲ ಹೋಟೆಲ್‌ನವರೇ ಬರೆದಿರುತ್ತಾರೆ, ಅದು ಬೇಡ.

ನಮ್ಮೂರ ಏರ್‌ಪೋರ್ಟಿನಿಂದ ಈ ಮೂರಕ್ಕೂ ನೇರ ವಿಮಾನ ಇಲ್ಲ. ರೈಲಲ್ಲಿ ಬೆಂಗಳೂರು, ಅಲ್ಲಿಂದ ವಿಮಾನ, ಮೂರೂ ಕಡೆ ನಾಲ್ಕು ತಾಸು, ಸ್ವಲ್ಪ ಹಿಂದೆ ಮುಂದೆ. ಹಾಗಾಗಿ ಪ್ರಯಾಣದಲ್ಲಿ ಯಾವ ಊರಿಗೂ ಮಾರ್ಕು ಜಾಸ್ತಿ ಇಲ್ಲ.

ಸಿಂಗಾಪುರದಲ್ಲಿ ನಾವು ಇದ್ದ ಹೋಟೆಲ್ ಹೆಸರು ಹೇಳುವುದಿಲ್ಲ. ಮರೀನಾ ಬೇ ಕಡೆಯದು, ಎಲ್ಲರೂ ಹೊಗಳುವಂಥದ್ದು. ಬಾಡಿಗೆಯನ್ನು ಬುಕ್ ಮಾಡುವಾಗಲೇ ಪೂರ್ತಿ ಕಟ್ಟಿದ್ದೆವು. ರಾತ್ರಿಯೆಲ್ಲಾ ವಿಮಾನದಲ್ಲಿ ಕೂತು, ಬೆಳಗ್ಗೆ ಇಳಿದು, ಅತ್ತೆಯನ್ನು ಸೋಫಾ ಮೇಲೆ ಕೂರಿಸಿ ಕೌಂಟರ್‌ಗೆ ಹೋದರೆ, ಆ ಹುಡುಗಿ ನಗುನಗುತ್ತಾ ಡೆಪಾಸಿಟ್ ಅಂದಳು. ಒಂದೊಂದು ರೂಮಿಗೆ, ಒಂದೊಂದು ರಾತ್ರಿಗೆ ಇಷ್ಟು ಡಾಲರ್ ಅಂತ. ನಮ್ಮದು ಎರಡು ರೂಮು. ಫ್ರಿಜ್‌ನಲ್ಲಿರುವ ಚಾಕೊಲೇಟು, ಜ್ಯೂಸು ತಿಂದು ಕುಡಿದು ಹೇಳದೆ ಹೋಗಿಬಿಟ್ಟರೆ, ಏನಾದರೂ ಒಡೆದರೆ, ಅದಕ್ಕೆ ಮುಂಗಡ. ಅತ್ತೆಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ ಮಾತು: ‘ಅಲ್ಲವಾ, ನಾವೇನು ಅವರ ಟಾವೆಲ್ ಕದ್ಕೊಂಡು ಹೊಕ್ಕೀವೇನು?’

ಡೆಪಾಸಿಟ್ ಕೇಳುವುದು ತಪ್ಪಲ್ಲ, ದೊಡ್ಡ ಹೋಟೆಲ್‌ಗಳು ಎಲ್ಲಾ ಊರಲ್ಲೂ ಕೇಳುತ್ತವೆ. ತಕರಾರು ಇರುವುದು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಅನ್ನುವುದರಲ್ಲಿ. ಕ್ರೆಡಿಟ್ ಕಾರ್ಡ್ ಕೊಟ್ಟರೆ ಅಷ್ಟು ಮೊತ್ತವನ್ನು ಲಿಮಿಟ್‌ನಲ್ಲಿ ತಡೆದಿಡುತ್ತಾರೆ, ರೊಕ್ಕ ನಿಜವಾಗಿ ಹೋಗುವುದಿಲ್ಲ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯಲ್ಲಿರುವ ನಿಮ್ಮ ಸ್ವಂತ ದುಡ್ಡಿಗೇ ಕೈ. ಅವತ್ತು ನಮ್ಮನೆಯವರ ಕ್ರೆಡಿಟ್ ಕಾರ್ಡ್ ಆ ಮಷಿನ್‌ನಲ್ಲಿ ಎರಡು ಸಲ ‘ಡಿಕ್ಲೈನ್’ ಅಂತ ಬಂತು. (2020ರಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ ಬಂದ್ ಇರುತ್ತದೆ, ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ನಮ್ಮದು ಆನ್ ಇತ್ತು, ಆದರೂ ಆಗಲಿಲ್ಲ.) ನಗದು ಕೊಡುತ್ತೇವೆ ಅಂದರೆ ತೆಗೆದುಕೊಳ್ಳುವುದಿಲ್ಲ ಅಂದರು. ಕೊನೆಗೆ ನನ್ನ ಡೆಬಿಟ್ ಕಾರ್ಡ್ ಉಜ್ಜಿದರು. ‘ಇದು ಸುಮ್ನೆ ಹೋಲ್ಡ್ ಅಷ್ಟೇ, ಮೇಡಂ’ ಅಂತ ಭರವಸೆ ಬೇರೆ. ಲಿಫ್ಟ್ ಹತ್ತುವಷ್ಟರಲ್ಲಿ ಬ್ಯಾಂಕಿನ ಮೆಸೇಜು ಬಂತು, ಅಷ್ಟೂ ದುಡ್ಡು ಕಟ್. ಅದೂ ರೂಪಾಯಿ ಲೆಕ್ಕದಲ್ಲಿ. ಮಷಿನ್‌ನಲ್ಲಿ ರೂಪಾಯಿಯೋ ಸಿಂಗಾಪುರ ಡಾಲರೋ ಅಂತ ಪ್ರಶ್ನೆ ಬರುತ್ತದಲ್ಲ, ಅದನ್ನು ನಮಗೆ ತೋರಿಸದೆ ಆಕೆಯೇ ರೂಪಾಯಿ ಒತ್ತಿದ್ದಳು. ರೂಪಾಯಿ ಆರಿಸಿದರೆ ದರ ಹಾಕುವುದು ಆ ಮಷಿನ್ ನಡೆಸುವ ಕಂಪನಿ, ಅದು ಬಹುತೇಕ ನಮ್ಮ ಬ್ಯಾಂಕಿನ ದರಕ್ಕಿಂತ ದುಬಾರಿ. ಹೊರದೇಶದಲ್ಲಿ ಯಾವತ್ತೂ ಆ ಊರಿನ ಹಣವನ್ನೇ ಒತ್ತಿ, ಮಷಿನ್ ನಿಮ್ಮ ಕೈಗೆ ಕೊಡಿ ಅಂತ ಕೇಳಿ.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ ಅಸಲಿ ಕಥೆ. ಫ್ರಿಜ್‌ನಲ್ಲಿ ಏನನ್ನೂ ಮುಟ್ಟಿರಲಿಲ್ಲ. ಅತ್ತೆ ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇರುವಾಗ ಅದನ್ನು ಯಾರು ಮುಟ್ಟುತ್ತಾರೆ? ಹೋಟೆಲ್‌ನವರು ನಾವು ವಾಪಸ್ ಕಳಿಸಿದ್ದೇವೆ, ನಿಮ್ಮ ಬ್ಯಾಂಕನ್ನು ಕೇಳಿ ಅಂತ ಮೇಲ್ ಹಾಕಿದರು. ಬ್ಯಾಂಕಿನವರು ನಮಗೆ ಬಂದಿಲ್ಲ, ಹೋಟೆಲ್‌ನಿಂದ ರೆಫರೆನ್ಸ್ ನಂಬರ್ ತನ್ನಿ ಅಂದರು. ನಂಬರ್ ತಂದರೆ ಇನ್ನೊಂದು ನಂಬರ್ ಬೇಕು ಅಂದರು. ಅಂಗಡಿಯವರ ಜಿಎಸ್‌ಟಿ ಕೆಲಸ ಬಿಟ್ಟು ವಾರಗಟ್ಟಲೆ ಇದನ್ನೇ ಮಾಡಿದೆ. ಕೊನೆಗೆ ದುಡ್ಡು ಬಂತು, ಆದರೆ ಹೋದಷ್ಟು ಬರಲಿಲ್ಲ. ಹೋಗುವಾಗ ಒಂದು ದರ, ಬರುವಾಗ ಇನ್ನೊಂದು ದರ, ನಡುವೆ ಬ್ಯಾಂಕಿನ ಶುಲ್ಕ, ಆ ಶುಲ್ಕದ ಮೇಲೆ ಜಿಎಸ್‌ಟಿ. ಏನೂ ಕೊಳ್ಳದೆ, ಏನೂ ತಿನ್ನದೆ, ನಮ್ಮ ದುಡ್ಡು ಅಲ್ಲಿಗೆ ಹೋಗಿ ಬಂದದ್ದಕ್ಕೇ ಖರ್ಚು. ಒಂದು ಒಳ್ಳೆಯ ಇಳಕಲ್ ಸೀರೆ ಬರುತ್ತಿತ್ತು ಅಂತ ಅತ್ತೆ ಈಗಲೂ ಹೇಳುತ್ತಾರೆ.

ಇನ್ನು ಸಿಂಗಾಪುರದ ಬಿಲ್ಲು. ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಚಿಹ್ನೆ ಇದ್ದರೆ 10% ಸರ್ವಿಸ್ ಚಾರ್ಜ್ ಬೇರೆ, ತೆರಿಗೆ ಬೇರೆ ಅಂತ ಅರ್ಥ. 2024ರಿಂದ ಅಲ್ಲಿಯ ಜಿಎಸ್‌ಟಿ 9%, ಅದೂ ಸರ್ವಿಸ್ ಚಾರ್ಜ್ ಸೇರಿಸಿದ ಮೊತ್ತದ ಮೇಲೆ. 100 ಡಾಲರ್ ಊಟ 119 ಡಾಲರ್ 90 ಸೆಂಟ್ ಆಗುತ್ತದೆ. ಬ್ಯಾಂಕಾಕ್‌ನಲ್ಲಿ ತೆರಿಗೆ 7%, ಹಾಗಾಗಿ ಅಲ್ಲಿ 117.70. ಜಾಸ್ತಿ ವ್ಯತ್ಯಾಸ ಇಲ್ಲ ಅನಿಸಬಹುದು, ಆದರೆ ಸಿಂಗಾಪುರದಲ್ಲಿ ಆ ನೂರೇ ದೊಡ್ಡದು.

ಹಾಗಂತ ಸಿಂಗಾಪುರದಲ್ಲಿ ಖುಷಿ ಇರಲಿಲ್ಲ ಅಂತಲ್ಲ. 1887ರ ರಾಫೆಲ್ಸ್ ಹೋಟೆಲ್‌ನಲ್ಲಿ ಉಳಿಯುವುದು ನಮ್ಮ ಜೇಬಿಗೆ ಆಗದ ಮಾತು, ಆದರೆ ಅಲ್ಲಿಯ ಲಾಂಗ್ ಬಾರ್‌ಗೆ ಯಾರು ಬೇಕಾದರೂ ಹೋಗಬಹುದು. ಬಾರ್ ಅಂದರೆ ಅತ್ತೆ ಬರುವುದಿಲ್ಲ ಅಂತ ನಮ್ಮನೆಯವರು ಶೇಂಗಾ ತಿನ್ನೋಕೆ ಹೋಗೋಣ ಅಂದರು, ಅದೇನು ಸುಳ್ಳಲ್ಲ. ಮೇಜಿನ ಮೇಲೆ ಗೋಣಿಚೀಲದ ತುಂಬ ಸಿಪ್ಪೆ ಸಮೇತ ಶೇಂಗಾ ಇಡುತ್ತಾರೆ, ಸುಲಿದು ಸಿಪ್ಪೆಯನ್ನು ನೆಲಕ್ಕೇ ಎಸೆಯುವುದು ಅಲ್ಲಿಯ ಪದ್ಧತಿ. ರಸ್ತೆಯಲ್ಲಿ ಕಸ ಎಸೆದರೆ ದಂಡ ಹಾಕುವ ಊರಲ್ಲಿ! ಅತ್ತೆಗೆ ಮನಸ್ಸಾಗಲಿಲ್ಲ, ಎಲ್ಲಾ ಸಿಪ್ಪೆಯನ್ನೂ ಕರ್ಚೀಫಿನಲ್ಲಿ ಕಟ್ಟಿಕೊಂಡರು. 1915ರಲ್ಲಿ ಅಲ್ಲೇ ಹುಟ್ಟಿದ್ದು ಅನ್ನುವ ಸಿಂಗಾಪುರ್ ಸ್ಲಿಂಗ್ ಅನ್ನೋ ಗುಲಾಬಿ ಬಣ್ಣದ ಡ್ರಿಂಕ್ ನಮ್ಮನೆಯವರಿಗೆ ಬಂದಾಗ ಅತ್ತೆ ಅದನ್ನು ಶರಬತ್ತು ಅಂತಲೇ ನಂಬಿದರು, ಅಥವಾ ನಂಬಿದ ಹಾಗೆ ಮಾಡಿದರು.

ಮರೀನಾ ಬೇ ಸ್ಯಾಂಡ್ಸ್ ಹೋಟೆಲ್‌ನ 57ನೇ ಮಹಡಿಯ ಈಜುಕೊಳ ಅಲ್ಲಿ ರೂಮು ಹಿಡಿದವರಿಗೆ ಮಾತ್ರ. ಹೊರಗಿನವರು ಟಿಕೆಟ್ ತೆಗೆದುಕೊಂಡು ಮೇಲಿನಿಂದ ಊರು ನೋಡಿ ಬರಬೇಕು. ಅಷ್ಟು ಸಾಕು.

ಊಟಕ್ಕೆ ಸಿಂಗಾಪುರದಲ್ಲಿ ನಾವು ಫೈವ್ ಸ್ಟಾರ್ ಬಿಟ್ಟು ಸೆರಂಗೂನ್ ರಸ್ತೆ ಹಿಡಿದೆವು. ಶ್ರೀನಿವಾಸ ಪೆರುಮಾಳ್ ಗುಡಿಯ ಹತ್ತಿರ ನಮ್ಮ ಬೆಂಗಳೂರಿನ ಎಂಟಿಆರ್ ಇದೆ, 1947ರಿಂದ ಇರುವ ಕೋಮಳ ವಿಲಾಸ ಇದೆ. ಚೆನ್ನಾಗಿದೆ. ಆದರೆ ಲಕ್ಷುರಿ ಹೋಟೆಲ್‌ಗೆ ಅಂತ ಹೋಗಿ ದಿನಾ ಇಡ್ಲಿಗೆ ಮೆಟ್ರೋ ಹತ್ತಿದ್ದು ಎಂಥ ಲಕ್ಷುರಿ ಅಲ್ವಾ?

ಬ್ಯಾಂಕಾಕ್‌ನಲ್ಲಿ ದುಡ್ಡಿಗೆ ತಕ್ಕ ರೂಮು ಸಿಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಚಾವೋ ಫ್ರಾಯಾ ನದಿ ದಂಡೆಯ ಹೋಟೆಲ್ ಹಿಡಿದಿದ್ದೆವು. ಈ ಕಡೆಯ ಹೋಟೆಲ್‌ಗಳ ದೊಡ್ಡ ಅನುಕೂಲ ದೋಣಿ. ಸಾಥೋನ್ ಕಟ್ಟೆಗೆ ಅವರದೇ ದೋಣಿ ಬರುತ್ತದೆ, ಪುಕ್ಕಟೆ, ಇಳಿದರೆ ಎದುರಿಗೇ ಸಫಾನ್ ಟಾಕ್ಸಿನ್ ಸ್ಟೇಷನ್, ಅಲ್ಲಿಂದ ಮೇಲಿನ ರೈಲು. ಆ ಊರಿನ ಟ್ರಾಫಿಕ್‌ನಲ್ಲಿ ಟ್ಯಾಕ್ಸಿ ಹಿಡಿದವರು ನನ್ನ ಮಾತು ಒಪ್ಪುತ್ತಾರೆ. ಡೆಪಾಸಿಟ್ ಕ್ರೆಡಿಟ್ ಕಾರ್ಡ್ ಮೇಲೆ ಹಿಡಿದರು, ಸದ್ದಿಲ್ಲದೆ ಬಿಟ್ಟರು. 1876ರಿಂದ ಇರುವ ಓರಿಯೆಂಟಲ್ ಹೋಟೆಲ್ ಅದೇ ದಂಡೆಯಲ್ಲಿದೆ. ಈಗ ಮ್ಯಾಂಡರಿನ್ ಓರಿಯೆಂಟಲ್. ಅಲ್ಲಿಯ ಹಳೆಯ ಬಿಳಿ ಹಾಲ್‌ನಲ್ಲಿ ಮಧ್ಯಾಹ್ನದ ಚಹಾ ಕುಡಿಯಲು ನೀಟಾಗಿ ಬಟ್ಟೆ ಹಾಕಿಕೊಂಡು ಹೋಗಬೇಕು, ಚಪ್ಪಲಿ ಚಡ್ಡಿ ನಡೆಯುವುದಿಲ್ಲ. ಅತ್ತೆಯ ಇಳಕಲ್ ಸೀರೆಗೆ ಅಲ್ಲಿ ಸಿಕ್ಕ ಮರ್ಯಾದೆ ನಮ್ಮಿಬ್ಬರಿಗೆ ಸಿಗಲಿಲ್ಲ.

ಸೋತದ್ದು ಊಟದಲ್ಲಿ. ಥಾಯ್ ಅಡಿಗೆಯಲ್ಲಿ ನಮ್ಮ ಉಪ್ಪಿನ ಕೆಲಸ ಮಾಡುವುದು ನಾಮ್ ಪ್ಲಾ, ಅಂದರೆ ಮೀನಿನ ಸಾರ. ಬರೀ ತರಕಾರಿ ಅಂತ ಹೇಳಿದರೆ ಮಾಂಸ ತೆಗೆದು ಕೊಡುತ್ತಾರೆ, ಆ ಸಾರ ಹಾಗೇ ಇರುತ್ತದೆ. ಅವರ ಲೆಕ್ಕದಲ್ಲಿ ಅದು ತರಕಾರಿಯೇ. ಪೂರ್ತಿ ಸಸ್ಯಾಹಾರ ಬೇಕಾದರೆ ‘ಜೇ’ ಅನ್ನಬೇಕು. ಹಳದಿ ಬಾವುಟದ ಮೇಲೆ ಕೆಂಪಗೆ, ನಮ್ಮ ಕಣ್ಣಿಗೆ 17 ಅಂತ ಕಾಣುವ ಅಕ್ಷರ ಇದ್ದರೆ ಆ ಅಂಗಡಿ ಸರಿ. ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ನಮ್ಮೂರ ಮಾರವಾಡಿ ಸ್ನೇಹಿತರಿಗೆ ಇದು ತುಂಬಾ ಒಳ್ಳೆಯ ಸುದ್ದಿ. ಆದರೆ ಇಂಥ ಅಂಗಡಿ ಹುಡುಕಿಕೊಂಡು ಬಿಸಿಲಲ್ಲಿ ಅತ್ತೆಯನ್ನು ನಡೆಸುವುದು ಆಗುವುದಿಲ್ಲ. ಹೋಟೆಲ್ ಒಳಗೆ ಬೆಳಗಿನ ನಾಷ್ಟಾದಲ್ಲಿ ಹಣ್ಣು, ಬ್ರೆಡ್ಡು. ಅಲ್ಲಿಯ ಲಿಟಲ್ ಇಂಡಿಯಾ ಆದ ಫಾಹುರಾಟ್‌ನಲ್ಲಿ ಪಂಜಾಬಿ ಊಟ ಸಿಕ್ಕಿತು, ಗುರುದ್ವಾರವೂ ಇದೆ. ನಮ್ಮನೆಯವರು ಮಾತ್ರ ‘ಸ್ವಲ್ಪ ನಡೆದಾಡಿ ಬರ್ತೀನಿ’ ಅಂತ ಹೋಗಿ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದರು. ಸಾವಜಿಯ ಮಾಂಸದ ಊಟ ಇಷ್ಟಪಡುವವರು ಈ ಪ್ಯಾರಾ ಮರೆತುಬಿಡಿ, ನಿಮಗೆ ಬ್ಯಾಂಕಾಕೇ ಮೊದಲು.

ಈಗ ಕೌಲಾಲಂಪುರ. ನಾವು ಇದ್ದದ್ದು ದಿ ಮೆಜೆಸ್ಟಿಕ್ ಹೋಟೆಲ್‌ನಲ್ಲಿ. ಫೋನಿನಲ್ಲಿ ಹೆಸರು ಕೇಳಿ ಅತ್ತೆ ‘ಬೆಂಗಳೂರು ಬಸ್ ಸ್ಟ್ಯಾಂಡಿನಾಗ ಯಾಕ ಇರೂದವಾ?’ ಅಂತ ಕೇಳಿದ್ದರು. 1932ರ ಕಟ್ಟಡ, ನಡುವೆ ಮುಚ್ಚಿ, 1984ರಿಂದ 1998ರವರೆಗೆ ದೇಶದ ಚಿತ್ರಕಲಾ ಗ್ಯಾಲರಿ ಆಗಿತ್ತು, 2012ರಲ್ಲಿ ಮತ್ತೆ ಹೋಟೆಲ್ ಆಯಿತು. ಪಕ್ಕದಲ್ಲಿ ಹೊಸದಾಗಿ ಎತ್ತರದ ಕಟ್ಟಡ ಕಟ್ಟಿದ್ದಾರೆ, ಹಳೆಯ ಭಾಗದ ರೂಮು ದುಬಾರಿ, ಹೊಸದರಲ್ಲಿ ಕಡಿಮೆ. ನಾವು ಹೊಸದರಲ್ಲಿ ಮಲಗಿ ಹಳೆಯದರಲ್ಲಿ ಅಡ್ಡಾಡಿದೆವು. ಎದುರಿಗೆ ಗುಮ್ಮಟಗಳ ಹಳೆಯ ರೈಲು ಸ್ಟೇಷನ್, 1910ರದ್ದು. ಸಿಂಗಾಪುರದಲ್ಲಿ ಒಂದು ರಾತ್ರಿಗೆ ಕೊಟ್ಟ ರೊಕ್ಕಕ್ಕೆ ಇಲ್ಲಿ ಎರಡು ರಾತ್ರಿ ಆರಾಮ ಕಳೆದವು, ರೂಮೂ ದೊಡ್ಡದು. ವಿದೇಶದವರು ಪ್ರತಿ ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಕಟ್ಟಬೇಕು, ಅಷ್ಟೇ. ಡೆಪಾಸಿಟ್ ಇಲ್ಲೂ ಕೇಳಿದರು. ನಗದು ಕೊಡಬಹುದಾ ಅಂದೆ. ಸರಿ ಅಂದರು, ರಸೀದಿ ಕೊಟ್ಟರು, ಹೊರಡುವ ದಿನ ಅವೇ ನೋಟು ಎಣಿಸಿ ವಾಪಸ್ ಕೊಟ್ಟರು. ಎರಡು ನಿಮಿಷದ ಕೆಲಸ.

ಮುಖ್ಯವಾದದ್ದು ಬ್ರಿಕ್‌ಫೀಲ್ಡ್ಸ್. ಕೆಎಲ್ ಸೆಂಟ್ರಲ್ ಸ್ಟೇಷನ್ ಪಕ್ಕದ ಲಿಟಲ್ ಇಂಡಿಯಾ ಅದು, ಹೋಟೆಲ್‌ನಿಂದ ಗ್ರ್ಯಾಬ್ ಆ್ಯಪ್‌ನ ಟ್ಯಾಕ್ಸಿ ಹಿಡಿದರೆ ಟ್ರಾಫಿಕ್ ಇಲ್ಲದಾಗ ಕೆಲವೇ ನಿಮಿಷ. ಬಾಳೆ ಎಲೆ ಊಟ, ದೋಸೆ, ಫಿಲ್ಟರ್ ಕಾಫಿ. ಟೆಂಪಲ್ ಆಫ್ ಫೈನ್ ಆರ್ಟ್ಸ್ ಕಟ್ಟಡದಲ್ಲಿ ಅನ್ನಲಕ್ಷ್ಮಿ ಅಂತ ಶುದ್ಧ ಸಸ್ಯಾಹಾರಿ ಊಟದ ಮನೆ ಇದೆ, ಅತ್ತೆ ಅಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಹಾಗೆ ಅವರು ಹೊರಗೆ ಹಾಕಿಸಿಕೊಳ್ಳುವುದಿಲ್ಲ. ಎಚ್ಚರ ಬೇಕಾದದ್ದು ಮಲಯ್ ಚಟ್ನಿ ವಿಷಯದಲ್ಲಿ. ಸಂಬಲ್ ಅನ್ನುವುದರಲ್ಲಿ ಬೆಲಾಚಾನ್ ಇರುತ್ತದೆ, ಒಣ ಸೀಗಡಿಯ ಪೇಸ್ಟು. ರೋಟಿ ಚನಾಯ್ ಹಿಟ್ಟಿಗೂ ಕೆಲವರು ಮೊಟ್ಟೆ ಸೇರಿಸುತ್ತಾರೆ. ಕೇಳಿದರೆ ನಿಜ ಹೇಳುತ್ತಾರೆ, ತಮಿಳಿನಲ್ಲಿ ಕೇಳಿದರೆ ಇನ್ನೂ ಬೇಗ ಹೇಳುತ್ತಾರೆ. ನಮಗೆ ತಮಿಳು ಬರುವುದಿಲ್ಲ, ‘ಮುಟ್ಟೈ ಇಲ್ಲೆ’ ಅನ್ನುವಷ್ಟು ಯಾರಿಗೆ ಬರಲ್ಲ ಹೇಳಿ.

ಮೆಜೆಸ್ಟಿಕ್‌ನಲ್ಲೇ ಆರ್ಕಿಡ್ ಹೂವಿನ ಗಾಜಿನ ಕೋಣೆ ಇದೆ, ಅಲ್ಲಿ ಮಧ್ಯಾಹ್ನದ ಚಹಾ. ಮೊದಲೇ ಹೇಳಿಟ್ಟರೆ ಸಸ್ಯಾಹಾರಿ ತಟ್ಟೆ ಮಾಡಿಕೊಡುತ್ತಾರೆ. ತಿಂಡಿ ಪರವಾಗಿಲ್ಲ, ಚಹಾ ನೀರು ನೀರು, ಹೂವು ಭರ್ಜರಿ. ಅತ್ತೆ ಪ್ರತಿ ಕುಂಡದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಪೆಟ್ರೋನಾಸ್ ಜೋಡಿ ಗೋಪುರ 452 ಮೀಟರ್. ಕೆಳಗಿನ ಪಾರ್ಕ್‌ನಲ್ಲಿ ಕೂತು ನೋಡಿ, ಕತ್ತು ನೋಯುವವರೆಗೆ, ದುಡ್ಡು ಬೇಡ. ಬಾತು ಗುಹೆಯ 272 ಮೆಟ್ಟಿಲನ್ನು ಅತ್ತೆ ಹತ್ತಲಿಲ್ಲ, ಕೆಳಗಿನ ಬಂಗಾರದ ಬಣ್ಣದ ಮುರುಗನ ಮುಂದೆ ಕೈ ಮುಗಿದು ಎಳನೀರು ಕುಡಿದರು.

ದುಡ್ಡಿನ ಯೋಚನೆ ಇಲ್ಲದವರು, ಮಕ್ಕಳ ಜೊತೆ ಹೋಗುವವರು ಸಿಂಗಾಪುರ ಹಿಡಿಯಿರಿ. ಅಲ್ಲಿ ನಲ್ಲಿ ನೀರು ಕುಡಿಯಬಹುದು, ಫುಟ್‌ಪಾತ್ ಮೇಲೆ ವೀಲ್‌ಚೇರ್ ನಡೆಯುತ್ತದೆ, ಈ ಎರಡರಲ್ಲಿ ಕೌಲಾಲಂಪುರ ಹಿಂದೆ. ಗಂಡ ಹೆಂಡತಿ ಇಬ್ಬರೇ ಆದರೆ, ಎಲ್ಲಾ ತಿನ್ನುವವರಾದರೆ, ಬ್ಯಾಂಕಾಕ್. ನಮ್ಮಂಥವರಿಗೆ ಕೌಲಾಲಂಪುರ. ಎಲ್ಲಿಗೇ ಹೋದರೂ ಹೊರಡುವ ಮುಂಚೆ ಹೋಟೆಲ್‌ಗೆ ಒಂದು ಮೇಲ್ ಹಾಕಿ ಮೂರು ವಿಷಯ ಕೇಳಿ: ಡೆಪಾಸಿಟ್ ಎಷ್ಟು, ನಗದು ತೆಗೆದುಕೊಳ್ಳುತ್ತೀರಾ, ಬೆಳಗ್ಗೆ ಬೇಗ ಬಂದರೆ ರೂಮು ಕೊಡುತ್ತೀರಾ. ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3ಕ್ಕೆ, ನಮ್ಮ ವಿಮಾನ ಇಳಿಯುವುದು ಬೆಳಗ್ಗೆ. ಉತ್ತರವನ್ನು ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ, ಕೌಂಟರ್‌ನಲ್ಲಿ ಮೊಬೈಲ್‌ನಲ್ಲಿ ಹುಡುಕುತ್ತಾ ನಿಲ್ಲಬೇಡಿ.