ಹೊಟ್ಟು ಶೇ. 25 ಉಳಿಸ್ತೀವಿ ಅಂತ ಬಂದವನನ್ನು ಗೇಟಿನಲ್ಲೇ ವಾಪಸ್ ಕಳಿಸಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಸ್ಟೀಮ್ ರೈಸ್ ಮಿಲ್ ಇರೋರು ದಯವಿಟ್ಟು ಓದಿ. ಬಾಯ್ಲರ್ ಚಿಮಣಿಗೆ ಎಕನಾಮೈಸರ್ ಕೂರಿಸ್ತೀವಿ, ಉರಿಸೋ ಭತ್ತದ ಹೊಟ್ಟು ಶೇ. 25 ಉಳಿಯುತ್ತೆ ಅಂತ ಒಬ್ಬ ಫೈಲ್ ಹಿಡ್ಕೊಂಡು ತಿರುಗುತ್ತಿದ್ದಾನೆ. ನಮಗೆ ಮೂರೂವರೆ ಲಕ್ಷದ ನಾಮ ಹಾಕಿದ್ದಾನೆ.

ಎಕನಾಮೈಸರ್ ಸುಳ್ಳು ವಸ್ತು ಅಲ್ಲ. ಹೊಗೆಯಲ್ಲಿ ಸುಮ್ನೆ ಹೋಗೋ ಬಿಸಿಯಿಂದ ಬಾಯ್ಲರಿನ ನೀರು ಕಾಯಿಸುತ್ತೆ. ಆದ್ರೆ 25? ಹೊಗೆಯ ಬಿಸಿ ಸುಮಾರು 22 ಡಿಗ್ರಿ ಇಳಿದರೆ ಶೇ. 1 ಉಳಿತಾಯ, ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ ಪುಸ್ತಕದಲ್ಲೇ ಇದೆ. 25 ಉಳೀಬೇಕು ಅಂದ್ರೆ 550 ಡಿಗ್ರಿ ಇಳಿಸಬೇಕು. ನಮ್ಮ ಚಿಮಣಿಯಲ್ಲಿ ಇರೋದೇ 220!

ಟ್ರಯಲ್ ದಿನ ಬಾಯ್ಲರಿಗೆ ಹೋಗೋ ನೀರಿನ ಬಿಸಿ ಮೀಟರ್‌ನಲ್ಲಿ 92 ಡಿಗ್ರಿ ತೋರಿಸಿತು. ಪೇಡಾ ಬೇರೆ ಹಂಚಿದ. ಚೆಕ್ ತಗೊಂಡು ಹೋದ. ಆಮೇಲೆ ನಮ್ಮ ಫೈರ್‌ಮ್ಯಾನ್ ಕರೆದ, "ಸಾವ್ಕಾರ್ರೇ, ಈ ವಾಲ್ ಯಾರು ತೆರೆದಾರ್ರೀ?" ನೋಡಿದರೆ ಬಾಯ್ಲರಿಗೆ ನೀರು ಕೊಡೋ ಫೀಡ್ ಟ್ಯಾಂಕಿನ ಹಿಂದೆ, ಗೋಣಿಚೀಲದ ಮರೆಯಲ್ಲಿ, ಅರ್ಧ ಇಂಚಿನ ಸ್ಟೀಮ್ ಪೈಪ್ ನೀರಿಗೆ ಇಳಿದಿದೆ. ಗೊರಗೊರ ಅಂತಿದೆ. ನಮ್ಮದೇ ಹೊಟ್ಟು, ನಮ್ಮದೇ ಸ್ಟೀಮ್, ಅದರಲ್ಲೇ ನೀರು ಕಾಯಿಸಿ ನಮಗೇ ಉಳಿತಾಯ ಅಂತ ತೋರಿಸಿದ್ದ! ವಾಲ್ ಬಂದ್ ಮಾಡಿ ಹೊಸ ನೀರು ಬಿಟ್ಟರೆ ಮೀಟರ್ 48ಕ್ಕೆ ಬಂತು. ತೊಟ್ಟಿ ನೀರು 30. ನೀರು ಆರು ಡಿಗ್ರಿ ಬಿಸಿಯಾದರೆ ಶೇ. 1 ಉಳಿತಾಯ ಅಂತ ಹಿಡಿದರೂ ಶೇ. ಮೂರೇ. ಹಮಾಲರ ಮುಂದೆ ತಲೆ ಎತ್ತೋಕೆ ಆಗಲಿಲ್ಲ.

ಆ ಮೂರೂ ನಿಲ್ಲಲಿಲ್ಲ. ಹೊಟ್ಟಿನಲ್ಲಿ ಐದರಲ್ಲಿ ಒಂದು ಪಾಲು ಬೂದಿನೇ ಅಲ್ವಾ? ಅವನು ಹಾಕಿದ್ದು ಒತ್ತೊತ್ತಾದ ರೆಕ್ಕೆ ಇರೋ ಪೈಪು. ಸಂದಿಯೆಲ್ಲ ಬೂದಿ ತುಂಬಿ ಗಾಳಿ ಎಳೆತ ಕಮ್ಮಿಯಾಯ್ತು, ಹೊಗೆ ಕುಲುಮೆ ಬಾಗಿಲಿಂದ ಹೊರಗೆ ಬರ್ತಿತ್ತು.

ಫೋನ್ ಮಾಡಿದರೆ ಉತ್ತರ ಕೇಳಿ. "ನಿಮ್ಮ ಹೊಟ್ಟು ಹಸಿ ಇದೆ ಸರ್." ಆಮೇಲೆ "ನಿಮ್ಮ ಫೈರ್‌ಮ್ಯಾನ್‌ಗೆ ಟ್ರೈನಿಂಗ್ ಇಲ್ಲ." ವಾಲ್ ವಿಷಯ ಕೇಳಿದ್ದಕ್ಕೆ "ಅದು ಪ್ರೀ ಹೀಟಿಂಗ್ ಸರ್, ಟೆಕ್ನಿಕಲ್, ನಿಮಗೆ ಅರ್ಥ ಆಗಲ್ಲ." ನನಗೆ ಅರ್ಥ ಆಗಲ್ವಂತೆ! ಕೊನೆಗೆ, ಕ್ಲೀನಿಂಗಿಗೆ ವರ್ಷದ ಕಾಂಟ್ರಾಕ್ಟ್ ತಗೊಳ್ಳಿ ಅಂದ.

ಯಾರೇ ಬಂದರೂ ಮೊದಲು ಐಬಿಆರ್ (ಬಾಯ್ಲರ್ ಸುರಕ್ಷತೆಯ ಸರ್ಕಾರಿ ನಿಯಮ) ಸರ್ಟಿಫಿಕೇಟ್ ಕೇಳಿ. ಟ್ರಯಲ್ ದಿನ ಎಕನಾಮೈಸರ್ ಒಳಗೆ ಹೋಗೋ ನೀರಿನ ಬಿಸಿಯನ್ನೂ ನೀವೇ ಅಳೆಯಿರಿ. ಅದಕ್ಕಿಂತ ಮೊದಲು ಬೆತ್ತಲೆ ಸ್ಟೀಮ್ ಪೈಪುಗಳಿಗೆ ಗ್ಲಾಸ್‌ವುಲ್ ಸುತ್ತಿಸಿ, ಖರ್ಚು ಕಮ್ಮಿ.

ಬಾಕಿ ದುಡ್ಡು ನಾನು ಕೊಟ್ಟಿಲ್ಲ. ಲಾಯರ್ ನೋಟಿಸ್ ಕಳಿಸ್ತಾನಂತೆ. ಕಳಿಸಲಿ, ವಾಲ್ ಫೋಟೋ ನನ್ನ ಹತ್ರ ಇದೆ.