ಊಟದ ಮನೆಯ ಗೋಡೆಯ ವೈಟ್‌ಬೋರ್ಡ್: ನಾಲ್ಕು ವರ್ಷಗಳ ಬಳಕೆಯ ನಂತರ

ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಒಂದು ಸಾಧಾರಣ ವೈಟ್‌ಬೋರ್ಡಿನ ಬಗ್ಗೆ ಈ ವಿಮರ್ಶೆ ಬರೆಯುತ್ತಿದ್ದೇನೆ. 2021ರ ಆಗಸ್ಟ್‌ನಲ್ಲಿ, ಶಾಲೆಗಳು ಮುಚ್ಚಿದ್ದು ಮಗನ ಎಂಟನೆಯ ತರಗತಿಯ ಪಾಠಗಳು ಫೋನಿನಲ್ಲೇ ನಡೆಯುತ್ತಿದ್ದ ಕಾಲದಲ್ಲಿ, ಮೈಸೂರಿನ ದೇವರಾಜ ಅರಸು ರಸ್ತೆಯ ಸಮೀಪದ ಒಂದು ಲೇಖನ ಸಾಮಗ್ರಿ ಅಂಗಡಿಯಿಂದ ಸುಮಾರು 1,400 ರೂಪಾಯಿಗೆ ಇದನ್ನು ತಂದೆವು. ಅಲ್ಯೂಮಿನಿಯಂ ಚೌಕಟ್ಟು, ಆಯಸ್ಕಾಂತ ಹಿಡಿಯುವ ಹಾಳೆ, ಕೆಳಗೆ ಪೆನ್ನು ಇಡಲು ಒಂದು ಪ್ಲಾಸ್ಟಿಕ್ ತಟ್ಟೆ, ಇಷ್ಟೇ ಅದರ ವೈಭವ. ಗಣಿತದ ಲೆಕ್ಕ ಬಿಡಿಸುವುದಕ್ಕೆಂದು ತಂದ ಈ ಬೋರ್ಡು ಐದು ಜನರ ಮನೆಯ ದಿನಚರಿಯನ್ನೂ, ಮನೆಯ ದುರಸ್ತಿಯನ್ನೂ, ನನ್ನ ಒಂದು ಪರೀಕ್ಷೆಯನ್ನೂ ಹೊರುವ ವಸ್ತುವಾದದ್ದು ಆಮೇಲಿನ ಕಥೆ.

ಮೊದಲು ನಮ್ಮ ಮನೆಯ ಸ್ಥಿತಿಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಯಾವ ಸಾಧನದ ಉಪಯೋಗವೂ ಮನೆಯಿಂದ ಮನೆಗೆ ಬದಲಾಗುತ್ತದೆ. ನಾನು ಬ್ಯಾಂಕಿನಲ್ಲಿ ಅಧಿಕಾರಿ. ನಮ್ಮ ಮನೆಯವರು ಪಿಯು ಕಾಲೇಜಿನ ಉಪನ್ಯಾಸಕರು. ಅತ್ತೆಯವರಿಗೆ ಎಪ್ಪತ್ತನಾಲ್ಕು ವರ್ಷ. ಮಗ ಈಗ ದ್ವಿತೀಯ ಪಿಯುಸಿ, ಮಗಳು ಐದನೆಯ ತರಗತಿ. ಮನೆ ಮೂವತ್ತು ವರ್ಷ ಹಳೆಯದು, ಮಹಡಿಯ ಕೋಣೆಯ ಛಾವಣಿ ಸೋರುತ್ತಿತ್ತು. ಬ್ಯಾಂಕಿನವರಿಗೆ ಕೆಲಸದ ವಾರ ಹೇಗೆ ಕಳೆಯುತ್ತದೆಂಬುದು ಗೊತ್ತೇ ಇದೆ: 2015ರ ಸೆಪ್ಟೆಂಬರ್‌ನಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ, ಉಳಿದ ಶನಿವಾರಗಳಲ್ಲಿ ಪೂರ್ತಿ ದಿನ ಕೆಲಸ. ಹಾಗಾಗಿ ಗಾರೆ ಕೆಲಸದವರು, ನಲ್ಲಿ ರಿಪೇರಿಯವರು, ಅತ್ತೆಯವರ ಬಿಪಿ ತಪಾಸಣೆ, ನೆಂಟರ ಮನೆಯ ನಾಮಕರಣ, ಎಲ್ಲವೂ ಆ ಎರಡು ಶನಿವಾರಗಳ ಮೇಲೆಯೇ ಬಂದು ಬೀಳುತ್ತವೆ.

ಬೋರ್ಡನ್ನು ಮೊದಲು ಹಾಕಿದ್ದು ಮಕ್ಕಳು ಓದುವ ಕೋಣೆಯಲ್ಲಿ. ಶಾಲೆ ಮತ್ತೆ ತೆರೆದ ಮೇಲೆ ಅದನ್ನು ಮನೆಗೆಲಸದ ಪಟ್ಟಿಗೆ ಬಳಸಲು ಹೊರಟೆವಾದರೂ ಆರು ತಿಂಗಳು ಅದನ್ನು ಯಾರೂ ತಿರುಗಿ ನೋಡಲಿಲ್ಲ. 2022ರಲ್ಲಿ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ, ಊಟಕ್ಕೆ ಕುಳಿತವರ ಕಣ್ಣಿಗೆ ನೇರವಾಗಿ ಬೀಳುವಂತೆ ಸ್ಥಳಾಂತರಿಸಿದ ಮೇಲೆಯೇ ಅದಕ್ಕೆ ಜೀವ ಬಂದದ್ದು. ಕೊಳ್ಳುವವರು ಬ್ರ್ಯಾಂಡಿನ ಬಗ್ಗೆ ಹೆಚ್ಚು ಯೋಚಿಸುವ ಬದಲು ಮೊಳೆ ಎಲ್ಲಿ ಹೊಡೆಯಬೇಕೆಂದು ಯೋಚಿಸಿದರೆ ಒಳ್ಳೆಯದು. ಒಲೆಗೆ ತೀರ ಹತ್ತಿರವೂ ಬೇಡ. ಒಗ್ಗರಣೆಯ ಹೊಗೆಯ ಜಿಡ್ಡು ತೆಳುವಾಗಿ ಕೂತು, ನಮ್ಮ ಬೋರ್ಡಿನ ಎಡಮೂಲೆಯಲ್ಲಿ ಮಾರ್ಕರ್ ಈಗಲೂ ಸರಿಯಾಗಿ ಹಿಡಿಯುವುದಿಲ್ಲ.

ಮೊದಲ ವರ್ಷ ನಾವು ಮಾಡಿದ ತಪ್ಪೆಂದರೆ ಎಲ್ಲವನ್ನೂ ಬರೆದದ್ದು. ಸಿಲಿಂಡರ್ ಬುಕ್ಕಿಂಗ್, ಹಾಲಿನ ಲೆಕ್ಕ, ವಿದ್ಯುತ್ ಬಿಲ್ಲು, ಏಕಾದಶಿ, ಮಗಳ ಯೋಜನೆಗೆ ಬೇಕಾದ ಥರ್ಮೋಕೋಲ್, ಎಲ್ಲವೂ ಅಲ್ಲಿ ಸೇರಿ, ಬೋರ್ಡು ಸಂತೆಯಾಯಿತು. ಹಾಲು ಮತ್ತು ಸಿಲಿಂಡರ್ ತಮ್ಮ ಹಳೆಯ ಜಾಗಕ್ಕೆ, ಅಂದರೆ ಫ್ರಿಜ್ಜಿನ ಪಕ್ಕದ ತಾರೀಖು ಕ್ಯಾಲೆಂಡರಿಗೆ ಮರಳಿದವು. ರಾಹುಕಾಲದ ಪಕ್ಕದಲ್ಲಿ ಪೆನ್ಸಿಲಿನಿಂದ ‘1½ ಲೀ’ ಎಂದು ಬರೆಯುವ ಆ ಪದ್ಧತಿಯನ್ನು ಯಾವ ಬೋರ್ಡೂ ಮೀರಿಸಲಾರದು. ಬಿಲ್ಲು, ವಿಮೆಯ ಕಂತು ಮೊದಲಾದ ತಿಂಗಳಿಗೊಮ್ಮೆ ಮರಳಿ ಬರುವ ತಾರೀಖುಗಳನ್ನು ನಾವಿಬ್ಬರೂ ಹಂಚಿಕೊಂಡಿರುವ ಫೋನಿನ ಕ್ಯಾಲೆಂಡರಿಗೆ ಕೊಟ್ಟೆವು. ನೆನಪಿಸುವ ಕೆಲಸವನ್ನು ಫೋನು ಚೆನ್ನಾಗಿ ಮಾಡುತ್ತದೆ, ಬೋರ್ಡಿಗೆ ಅದು ಬಾರದು. ಆದರೆ ಅತ್ತೆಯವರ ಬಳಿ ಇರುವುದು ಗುಂಡಿಯ ಫೋನು, ಮಗಳಿಗೆ ಫೋನೇ ಇಲ್ಲ, ಮಗನ ಫೋನನ್ನು ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಬೀರುವಿನೊಳಗೆ ಇಟ್ಟಿದ್ದೆವು. ಐದು ಜನರಲ್ಲಿ ಮೂವರು ನೋಡಲಾಗದ ಕ್ಯಾಲೆಂಡರು ಮನೆಯ ಕ್ಯಾಲೆಂಡರು ಹೇಗಾದೀತು?

ಬೋರ್ಡಿನಲ್ಲಿ ಈಗ ಉಳಿದಿರುವುದು ಒಂದೇ ವಾರ, ಐದು ಸಾಲು. ಪ್ರತಿಯೊಬ್ಬರಿಗೂ ಒಂದೊಂದು. ಕೆಂಪು ಮಾರ್ಕರ್ ಕದಲಿಸಲಾಗದ ದಿನಗಳಿಗೆ, ಕಪ್ಪು ಮನೆಗೆಲಸ ಮತ್ತು ರಿಪೇರಿಗೆ, ನೀಲಿ ಶಾಲೆ ಕಾಲೇಜಿಗೆ, ಹಸಿರು ಆಯಾ ಮನುಷ್ಯರ ಸ್ವಂತ ಕೆಲಸಕ್ಕೆ. ನಮ್ಮ ಮನೆಯವರ ಹಸಿರು ಬೆಳಗಿನ ನಡಿಗೆ, ಅತ್ತೆಯವರದು ಭಜನಾ ಮಂಡಳಿ, ಮಗನದು ಕ್ರಿಕೆಟ್, ಮಗಳದು ಭರತನಾಟ್ಯ. ನನ್ನ ಹಸಿರು ಸಿಎಐಐಬಿ.

ಬ್ಯಾಂಕಿನವರಲ್ಲದ ಓದುಗರಿಗೆ ಹೇಳುವುದಾದರೆ, ಇದು 1928ರಲ್ಲಿ ಆರಂಭವಾದ ಭಾರತೀಯ ಬ್ಯಾಂಕಿಂಗ್ ಮತ್ತು ಹಣಕಾಸು ಸಂಸ್ಥೆ ನಡೆಸುವ, ಬ್ಯಾಂಕ್ ನೌಕರರಿಗಾಗಿಯೇ ಇರುವ ಪರೀಕ್ಷೆ. 2023ರಲ್ಲಿ ಬಂದ ಹೊಸ ಪಠ್ಯಕ್ರಮದಂತೆ ನಾಲ್ಕು ಕಡ್ಡಾಯ ಪತ್ರಿಕೆ, ಒಂದು ಐಚ್ಛಿಕ ಪತ್ರಿಕೆ. ಪ್ರತಿಯೊಂದಕ್ಕೂ ನೂರು ಅಂಕ, ಎರಡು ಗಂಟೆ. ಉತ್ತೀರ್ಣರಾಗಲು ಐವತ್ತು ಅಂಕ ಬೇಕು. ನಲವತ್ತು ದಾಟಿದ ಮೇಲೆ ಈ ಪರೀಕ್ಷೆಗೆ ಓದಲು ಹೊರಟ ನನಗೆ ಬೇಕಾಗಿದ್ದದ್ದು ದಿನಕ್ಕೆ ಒಂದು ಗಂಟೆ ಮಾತ್ರ, ಬೆಳಿಗ್ಗೆ ಐದರಿಂದ ಆರು. ಅದು ಬೋರ್ಡಿನಲ್ಲಿ ‘5–6 ಓದು’ ಎಂದು ಏಳೂ ದಿನ ಹಸಿರಿನಲ್ಲಿ ಇತ್ತು.

ಇಲ್ಲಿ ಒಂದು ಮುಜುಗರದ ವಿಷಯವನ್ನು ಹೇಳಲೇಬೇಕು. ಮಗಳು ಒಮ್ಮೆ ಇಡೀ ಬೋರ್ಡನ್ನು ಒರೆಸಿ ನವಿಲು ಬರೆದ ನಂತರ, ಪ್ರತಿ ಭಾನುವಾರ ರಾತ್ರಿ ಹಳೆಯ ವಾರದ ಒಂದು ಫೋಟೋ ತೆಗೆದಿಟ್ಟುಕೊಂಡು ಹೊಸ ವಾರ ಬರೆಯುವ ಅಭ್ಯಾಸ ಮಾಡಿಕೊಂಡಿದ್ದೆ. ಮೂರು ತಿಂಗಳ ಫೋಟೋಗಳನ್ನು ಒಮ್ಮೆ ಒಟ್ಟಿಗೆ ನೋಡಿದಾಗ, ಅಳಿಸಿದ ಗುರುತುಗಳೆಲ್ಲ ನನ್ನ ಸಾಲಿನಲ್ಲೇ ಇದ್ದವು. ನಡಿಗೆ ಅಳಿಸಿರಲಿಲ್ಲ, ಕ್ರಿಕೆಟ್ ಅಳಿಸಿರಲಿಲ್ಲ, ಭಜನೆಯಂತೂ ಕಲ್ಲಿನ ಶಾಸನ. ಊರಿನಿಂದ ನೆಂಟರು ಬಂದರೆ, ಮಗಳಿಗೆ ಜ್ವರ ಬಂದರೆ, ತಿಂಡಿಗೆ ಇಡ್ಲಿ ಬದಲು ರೊಟ್ಟಿ ಆಗಬೇಕಾದರೆ, ‘5–6 ಓದು’ ಮಾಯವಾಗುತ್ತಿತ್ತು. ಅಳಿಸಿದವರು ಯಾರೆಂದರೆ ನಾನೇ. ಯಾರೂ ಅಳಿಸು ಎಂದು ಕೇಳಿರಲಿಲ್ಲ. ಕೇಳುವುದಕ್ಕೆ ಮೊದಲೇ ಅಂಗೈಯಿಂದ ಒರೆಸಿಬಿಡುತ್ತಿದ್ದೆ.

ಆ ಫೋಟೋಗಳನ್ನು ನಮ್ಮ ಮನೆಯವರಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ಒಂದು ನಿಯಮ ಸೂಚಿಸಿದರು: ತನ್ನ ಹಸಿರನ್ನು ತಾನೇ ಅಳಿಸುವಂತಿಲ್ಲ, ಯಾರಿಗೆ ಆ ಹೊತ್ತು ಬೇಕೋ ಅವರೇ ಎದ್ದು ಬಂದು ತಮ್ಮ ಕೈಯಿಂದ ಅಳಿಸಬೇಕು. ಸೂಚನೆ ತಮಾಷೆಯಂತೆ ಕಂಡಿತು. ಆದರೆ ಮುಂದಿನ ವಾರವೇ, ಬೆಳಿಗ್ಗೆ ಐದೂವರೆಗೆ ತನ್ನ ಕ್ರಿಕೆಟ್ ಬಟ್ಟೆ ಇಸ್ತ್ರಿಯಾಗಿಲ್ಲವೆಂದು ಬಂದ ಮಗ ಡಸ್ಟರ್ ಕೈಯಲ್ಲಿ ಹಿಡಿದು ಬೋರ್ಡಿನ ಮುಂದೆ ಅರ್ಧ ನಿಮಿಷ ನಿಂತು, ಡಸ್ಟರನ್ನು ತಟ್ಟೆಯಲ್ಲಿಟ್ಟು, ಇಸ್ತ್ರಿ ಪೆಟ್ಟಿಗೆ ಹುಡುಕಿಕೊಂಡು ಹೋದ. ಅಂದಿನಿಂದ ನನ್ನ ಸಾಲನ್ನು ಅಳಿಸಿದವರು ಇಲ್ಲವೆಂದಲ್ಲ. ಅತ್ತೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ವಾರ ನಮ್ಮ ಮನೆಯವರು ಮೂರು ದಿನ ಅಳಿಸಿದರು, ಅದು ನ್ಯಾಯವೇ ಆಗಿತ್ತು. ಆದರೆ ಅಳಿಸಬೇಕಾದರೆ ಈಗ ಕಾರಣ ಬೇಕು, ಅದನ್ನು ಹೇಳುವ ಬಾಯಿಯೂ ಬೇಕು. ಫೋನಿನ ಕ್ಯಾಲೆಂಡರಿನಲ್ಲಿ ಇದು ಆಗುತ್ತಿರಲಿಲ್ಲ ಎಂದು ನನ್ನ ದೃಢವಾದ ಅಭಿಪ್ರಾಯ; ಅಲ್ಲಿ ಬೆರಳಿನಿಂದ ಎಳೆದರೆ ಹೊತ್ತು ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ಈ ಬೋರ್ಡಿನಲ್ಲಿ ಎಲ್ಲರ ಎದುರಿಗೆ, ಊಟದ ಹೊತ್ತಿನಲ್ಲಿ, ಕೈಗೆ ಮಸಿ ಮಾಡಿಕೊಂಡು ಅಳಿಸಬೇಕು. 1,400 ರೂಪಾಯಿಗೆ ನಾನು ಕೊಂಡದ್ದು ಈ ಒಂದು ಅಡಚಣೆಯನ್ನು.

ಮನೆಯ ದುರಸ್ತಿಯ ವಿಷಯದಲ್ಲಿ ಬೋರ್ಡಿಗೆ ನಿಜವಾದ ಪರೀಕ್ಷೆ ಒಡ್ಡಿದ್ದು 2024ರ ಏಪ್ರಿಲ್. ಆ ತಿಂಗಳಿಗೆ ಮಾತ್ರ ವಾರದ ಬದಲು ಇಡೀ ತಿಂಗಳನ್ನು ಬರೆದಿದ್ದೆವು. ಒಂದನೆಯ ತಾರೀಖು ಬ್ಯಾಂಕಿನ ವಾರ್ಷಿಕ ಲೆಕ್ಕ. ಆರರವರೆಗೆ ಮಗನ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆ. ಒಂಬತ್ತು ಯುಗಾದಿ. ಇಪ್ಪತ್ತಾರು ಲೋಕಸಭಾ ಮತದಾನ, ನನಗೆ ಮೈಕ್ರೋ ಅಬ್ಸರ್ವರ್ ಕೆಲಸ. ರಜೆಯ ಶನಿವಾರಗಳು ಹದಿಮೂರು ಮತ್ತು ಇಪ್ಪತ್ತೇಳು. ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಛಾವಣಿ ಮುಗಿಯಲೇಬೇಕು, ಏಕೆಂದರೆ ಮೈಸೂರಿನಲ್ಲಿ ಜೂನ್‌ಗೆ ಕಾಯುವ ಮಳೆಯಲ್ಲ ಅದು. ಹೀಗಾಗಿ ಹದಿಮೂರಕ್ಕೆ ‘ಮೇಸ್ತ್ರಿ, ತಾರಸಿ’ ಎಂದು ಕಪ್ಪಿನಲ್ಲಿ ಬರೆದೆ.

ಮಾರನೆಯ ಬೆಳಿಗ್ಗೆ ಅದರ ಪಕ್ಕದಲ್ಲಿ, ಅತ್ತೆಯವರ ದುಂಡನೆಯ ಹಳೆಯ ಕೈಬರಹದಲ್ಲಿ, ಹಸಿರಿನಲ್ಲಿ ಹೀಗಿತ್ತು: ‘ಸಂಡಿಗೆ. ಒಣಗಲಿ, ಆಮೇಲೆ.’

ಅವರು ಮೇಸ್ತ್ರಿಯನ್ನು ಅಳಿಸಿರಲಿಲ್ಲ. ನಿಯಮ ಅವರಿಗೂ ಗೊತ್ತಿತ್ತು. ಆದರೆ ವರ್ಷದ ಅರಳು ಸಂಡಿಗೆ, ಹಪ್ಪಳ ಒಣಗಬೇಕಾದದ್ದೂ ಅದೇ ತಾರಸಿಯ ಮೇಲೆ, ಅದೇ ಬಿಸಿಲಿನಲ್ಲಿ. ನಮ್ಮ ಲೆಕ್ಕದಲ್ಲಿ ತಾರಸಿ ಎಂದರೆ ದುರಸ್ತಿಯಾಗಬೇಕಾದ ಜಾಗ, ಅವರ ಲೆಕ್ಕದಲ್ಲಿ ಅದು ಏಪ್ರಿಲ್ ತಿಂಗಳ ಅಡುಗೆಮನೆ. ಬಾಯಿಮಾತಿನಲ್ಲಾಗಿದ್ದರೆ ಮೇಸ್ತ್ರಿ ಬಂದು ನಿಂತ ದಿನವೇ ಈ ಮಾತು ಹೊರಬೀಳುತ್ತಿತ್ತು, ಅಥವಾ ಅವರು ಸುಮ್ಮನಿದ್ದುಬಿಡುತ್ತಿದ್ದರು, ಅದು ಇನ್ನೂ ಕಷ್ಟ. ಈಗ ಒಂಬತ್ತು ದಿನ ಮೊದಲೇ ಗೊತ್ತಾಗಿ, ಯುಗಾದಿಯ ಮರುದಿನದಿಂದ ನಾಲ್ಕು ದಿನ ಸಂಡಿಗೆ, ಹದಿನೈದನೆಯ ತಾರೀಖಿನಿಂದ ಗಾರೆ ಕೆಲಸ ಎಂದು ತೀರ್ಮಾನವಾಯಿತು. ನಾನು ಎರಡು ದಿನ ರಜೆ ಹಾಕಬೇಕಾಯಿತು. ಬಿರುಕುಗಳನ್ನು ಕೆತ್ತಿ ತುಂಬಿ, ನೀರಿನ ಕೊಳವೆಯ ಕಡೆಗೆ ಹೊಸದಾಗಿ ವಾಟ ಕೊಟ್ಟು, ವಾಟರ್‌ಪ್ರೂಫಿಂಗ್ ಹಚ್ಚಿ, ಕೊಳವೆಯ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ನೋಡಿದೆವು. ಕೆಳಗಿನ ಕೋಣೆಯಲ್ಲಿ ಒದ್ದೆ ಕಾಣಿಸಲಿಲ್ಲ. ಒಂದು ಮೂಲೆ ಆ ಅಕ್ಟೋಬರ್‌ನಲ್ಲಿ ಮತ್ತೆ ಜಿನುಗಿತು ಎಂಬುದು ಬೇರೆ ಮಾತು. ಅದಕ್ಕೆ ಬೋರ್ಡನ್ನು ದೂರುವಂತಿಲ್ಲ.

ಇನ್ನು ವಸ್ತುವಿನ ಗುಣದೋಷಗಳು. ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಬೋರ್ಡುಗಳ ಮೇಲ್ಮೈ ಸಾಮಾನ್ಯವಾಗಿ ಮೆಲಮೈನ್ ಇಲ್ಲವೇ ಬಣ್ಣ ಬಳಿದ ತಗಡು, ನಮ್ಮದು ಎರಡನೆಯದು. ಸೆರಾಮಿಕ್ ಲೇಪನದ ಉಕ್ಕಿನ ಬೋರ್ಡು ಇವೆರಡಕ್ಕಿಂತ ಹೆಚ್ಚು ಬಾಳುತ್ತದೆ, ಬೆಲೆಯೂ ಹಾಗೆಯೇ ಹೆಚ್ಚು. ಎರಡನೆಯ ವರ್ಷದಿಂದ ನಮ್ಮ ಬೋರ್ಡಿನಲ್ಲಿ ಅಳಿಸಿದ ಅಕ್ಷರಗಳ ನೆರಳು ಉಳಿಯತೊಡಗಿತು. ಕೆಂಪು ಎಲ್ಲಕ್ಕಿಂತ ಹಟಮಾರಿ. ತಿಂಗಳುಗಟ್ಟಲೆ ಒಂದೇ ಕಡೆ ಬರೆದ ಸಾಲುಗಳ ಗೆರೆಗಳಂತೂ ಹೋಗುವುದೇ ಇಲ್ಲ. ಕೈ ತೊಳೆಯುವ ಸ್ಯಾನಿಟೈಸರನ್ನು ಹಳೆಯ ಹತ್ತಿಬಟ್ಟೆಗೆ ಹಾಕಿ ಒರೆಸಿದರೆ ಮುಕ್ಕಾಲು ಪಾಲು ಹೋಗುತ್ತದೆ, ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಬೇಕು. ಪಾತ್ರೆ ತಿಕ್ಕುವ ನಾರನ್ನು ಮುಟ್ಟಿಸಬೇಡಿ. ನಾನು ಒಮ್ಮೆ ಮುಟ್ಟಿಸಿ, ಗೀರು ಬಿದ್ದ ಜಾಗದಲ್ಲಿ ಮಸಿ ಶಾಶ್ವತವಾಗಿ ಮನೆ ಮಾಡಿದೆ. ಮಗಳು ಅಳಿಸಲಾಗದ ಮಾರ್ಕರಿನಿಂದ ಬರೆದ ದಿನ ಗಾಬರಿಯಾಗಿತ್ತು, ಆದರೆ ಅದರ ಮೇಲೆಯೇ ವೈಟ್‌ಬೋರ್ಡ್ ಮಾರ್ಕರಿನಿಂದ ತಿದ್ದಿ ತಕ್ಷಣ ಒರೆಸಿದರೆ ಎರಡೂ ಸೇರಿ ಬಿಟ್ಟುಬರುತ್ತವೆ. ಮಾರ್ಕರುಗಳನ್ನು ಲೋಟದಲ್ಲಿ ನಿಲ್ಲಿಸದೆ ಮಲಗಿಸಿ ಇಟ್ಟರೆ ಹೆಚ್ಚು ದಿನ ಬರುತ್ತವೆ.

ಆಯಸ್ಕಾಂತದ ಬಗ್ಗೆ ಕೊಳ್ಳುವಾಗ ನನಗೆ ಆಸಕ್ತಿ ಇರಲಿಲ್ಲ, ಈಗ ಅದಿಲ್ಲದ ಬೋರ್ಡು ಬೇಡವೆನ್ನುತ್ತೇನೆ. ಮದುವೆಯ ಕರೆಯೋಲೆ, ಔಷಧಿಯ ಚೀಟಿ, ಮೇಸ್ತ್ರಿ ಸಿಮೆಂಟು ಮರಳಿನ ಲೆಕ್ಕ ಬರೆದುಕೊಟ್ಟ ಸಿಗರೇಟು ಪ್ಯಾಕಿನ ಹಿಂಬದಿ, ಎಲ್ಲಕ್ಕೂ ಅದೇ ಜಾಗ. ಪೆನ್ನಿನ ತಟ್ಟೆ ಮಾತ್ರ ತೀರ ಕಳಪೆ. ಎರಡು ಸಲ ಕಳಚಿ ಬಿದ್ದು, ಎರಡನೆಯ ಸಲ ಸಾರಿನ ಪಾತ್ರೆಯೊಳಕ್ಕೇ ಬಿತ್ತು. ಈಗ ಬದಲಿಗೆ ಕೆಳಗೊಂದು ಮರದ ಪಟ್ಟಿ ಹೊಡೆಸಿದ್ದೇವೆ.

ದೊಡ್ಡ ಕೊರತೆಯೆಂದರೆ ಬೋರ್ಡಿಗೆ ನೆನಪಿಲ್ಲ. ಫೋಟೋ ತೆಗೆಯದಿದ್ದರೆ ಕಳೆದ ವಾರ ಏನಾಯಿತೆಂದು ಯಾವ ದೇವರೂ ಹೇಳಲಾರ. ವರ್ಷಗಟ್ಟಲೆಯ ಯೋಜನೆಗಳಿಗೂ ಇದು ಒದಗುವುದಿಲ್ಲ. ಛಾವಣಿಯ ಖರ್ಚಿನ ಲೆಕ್ಕಕ್ಕೆ ನಾವು ನೂರು ಪುಟದ ನೋಟ್‌ಬುಕ್ಕನ್ನೇ ನಂಬಿದೆವು. ಇಬ್ಬರೇ ಇರುವ, ಇಬ್ಬರ ಕೈಯಲ್ಲೂ ಫೋನಿರುವ ಮನೆಗೆ ಇದನ್ನು ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಮೂರು ತಲೆಮಾರು ಒಂದೇ ಮೇಜಿನಲ್ಲಿ ಉಣ್ಣುವ ಮನೆಗೆ ಖಂಡಿತ ಹೇಳುತ್ತೇನೆ.

ಪರೀಕ್ಷೆಯ ವಿಷಯ ಕೇಳುವವರಿಗಾಗಿ: ಮೊದಲ ಪ್ರಯತ್ನದಲ್ಲಿ ಎರಡು ಪತ್ರಿಕೆ, ಎರಡನೆಯದರಲ್ಲಿ ಮತ್ತೆರಡು ಪಾಸಾದವು. ಲೆಕ್ಕಗಳು ಹೆಚ್ಚಿರುವ ಬ್ಯಾಂಕ್ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಐವತ್ಮೂರು ಅಂಕದಲ್ಲಿ ದಡ ಸೇರಿತು. ಐಚ್ಛಿಕವಾಗಿ ಆರಿಸಿಕೊಂಡ ಗ್ರಾಮೀಣ ಬ್ಯಾಂಕಿಂಗ್ ಇನ್ನೂ ಬಾಕಿ. ಈ ವಾರದ ನನ್ನ ಸಾಲಿನಲ್ಲಿ ಏಳು ದಿನವೂ ‘5–6 ಓದು’ ಇದೆ, ಗುರುವಾರದ್ದನ್ನು ಮಾತ್ರ ಮಗಳು ಅಳಿಸಿ ಅಲ್ಲಿ ‘ಅಮ್ಮ ಜಡೆ’ ಎಂದು ಬರೆದಿದ್ದಾಳೆ. ಅಂದು ಅವಳ ಶಾಲೆಯಲ್ಲಿ ನೃತ್ಯ. ಹಳೆಯ ಬೋರ್ಡಿನ ಮೇಲ್ಮೈ ಸವೆದಿರುವುದರಿಂದ ದಸರಾಕ್ಕೆ ಮುಂಚೆ ನಾಲ್ಕು ಅಡಿ ಅಗಲದ ಸೆರಾಮಿಕ್ ಬೋರ್ಡು ತರುವ ಯೋಚನೆಯಿದೆ, ಆದರೆ ಜಾಗ ಹೆಚ್ಚಾದರೆ ಮತ್ತೆ ಸಂತೆಯಾದೀತೆಂದು ನಮ್ಮ ಮನೆಯವರು ಮೂರಡಿಯದ್ದೇ ಸಾಕೆನ್ನುತ್ತಿದ್ದಾರೆ.