ಲೆಕ್ಕವೂ ದಿನಚರಿಯೂ ಒಂದೇ ಕೈಯಲ್ಲಿ: ಮೂರು ಕ್ಯಾಲ್ಕುಲೇಟರುಗಳ ಹೋಲಿಕೆ

ವೈಜ್ಞಾನಿಕ ಕ್ಯಾಲ್ಕುಲೇಟರೂ ದಿನಚರಿ ಇಡುವ ಆರ್ಗನೈಸರೂ ಒಂದೇ ಕೈಯಂತ್ರವಾಗಿ ಮತ್ತೊಮ್ಮೆ ಹೊರಬರಬೇಕೆಂದು ನಾನು ಕಾಯುತ್ತಿರುವುದಕ್ಕೆ ನನ್ನ ಕಸುಬೇ ಕಾರಣ. ಕಟ್ಟಡದ ಸೈಟಿನಲ್ಲಿ ಕಾಂಕ್ರೀಟ್ ಹಾಕಿದ ದಿನವೇ 150 ಮಿ.ಮೀ. ಅಳತೆಯ ಕ್ಯೂಬುಗಳನ್ನು ತುಂಬಿಸಿ, ಮರುದಿನ ಅಚ್ಚು ಬಿಚ್ಚಿ ನೀರಿನಲ್ಲಿಟ್ಟು, 7ನೆಯ ದಿನ ಕೆಲವನ್ನು, 28ನೆಯ ದಿನ ಉಳಿದವನ್ನು ಒಡೆದು ಬಲ ನೋಡುತ್ತೇವೆ. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನದಂಡವಾದ ಐಎಸ್ 456:2000ರ ಪ್ರಕಾರ 16ರಿಂದ 30 ಘನ ಮೀಟರಿನ ಕಾಂಕ್ರೀಟಿಗೆ ಮೂರು ಸ್ಯಾಂಪಲ್ ಬೇಕು, ಒಂದೊಂದು ಸ್ಯಾಂಪಲಿಗೆ ಮೂರು ಕ್ಯೂಬು. ವಾರದಲ್ಲಿ ನಾಲ್ಕು ದಿನ ಕಾಂಕ್ರೀಟ್ ಬೀಳುವ ಸೈಟಿನಲ್ಲಿ ಈ ದಿನಾಂಕಗಳು ಒಂದರ ಮೇಲೊಂದು ಹೇರಿಕೊಳ್ಳುತ್ತವೆ. ಕಾಗದದ ಡೈರಿಯನ್ನೇ ನಂಬಿದ್ದ ಕಾಲದಲ್ಲಿ ನಾನು ಒಂದು ಸ್ಲ್ಯಾಬಿನ 28ನೆಯ ದಿನವನ್ನು ತಪ್ಪಿಸಿ, 31ನೆಯ ದಿನ ಒಡೆದ ಕ್ಯೂಬಿನ ಅಂಕಿಯನ್ನು ಹಾಗೆಯೇ ಬರೆದುಕೊಟ್ಟು ಅದಕ್ಕೆ ವಿವರಣೆಯನ್ನೂ ಬರೆಯಬೇಕಾಯಿತು. ಆ ಸಂಕಟ ಇನ್ನೂ ಮನಸ್ಸಿನಲ್ಲಿದೆ.

ಹೀಗಾಗಿ ಎಚ್‌ಪಿ 48ಜಿಎಕ್ಸ್, ಎಚ್‌ಪಿ 200ಎಲ್‌ಎಕ್ಸ್ ಮತ್ತು ಸ್ವಿಸ್‌ಮೈಕ್ರೋಸ್ ಡಿಎಂ42 ಎಂಬ ಮೂರು ಯಂತ್ರಗಳಿಗೆ ಎರಡು ತಿಂಗಳ ಕಾಲ ಇದೇ ಕೆಲಸವನ್ನು ಒಪ್ಪಿಸಿ ನೋಡಿದೆ. ಮೊದಲ ಎರಡೂ ಹಳೆಯವು. 200ಎಲ್‌ಎಕ್ಸ್‌ನ ತಯಾರಿಕೆ 1999ರಲ್ಲಿಯೂ 48ಜಿಎಕ್ಸ್‌ನದು 2003ರಲ್ಲಿಯೂ ನಿಂತುಹೋಗಿದ್ದರಿಂದ ಅವೆರಡನ್ನೂ ಸೆಕೆಂಡ್‌ಹ್ಯಾಂಡ್ ಆಗಿಯೇ ಕೊಂಡೆ.

1993ರಲ್ಲಿ ಬಂದ 48ಜಿಎಕ್ಸ್ ಲೆಕ್ಕದಲ್ಲಿ ಇಂದಿಗೂ ನನ್ನ ಮೊದಲ ಆಯ್ಕೆ. ಸಂಖ್ಯೆಗಳನ್ನು ಮೊದಲು ಕೊಟ್ಟು ಕ್ರಿಯೆಯನ್ನು ಆಮೇಲೆ ಒತ್ತುವ ಆರ್‌ಪಿಎನ್ ಪದ್ಧತಿಗೆ ಒಮ್ಮೆ ಕೈ ಪಳಗಿದರೆ ಆವರಣ ಚಿಹ್ನೆಗಳ ಗೊಡವೆಯೇ ಇರುವುದಿಲ್ಲ. ಇದರ ಇನ್ನೊಂದು ಗುಣವೆಂದರೆ ಸಂಖ್ಯೆಯ ಜೊತೆಗೆ ಅದರ ಮಾನವನ್ನೂ ಹೊತ್ತೊಯ್ಯುವುದು: 600 ಕಿಲೋನ್ಯೂಟನ್ನನ್ನು 22,500 ಚದರ ಮಿ.ಮೀ.ನಿಂದ ಭಾಗಿಸಿ ಮೆಗಾಪ್ಯಾಸ್ಕಲಿಗೆ ಬದಲಿಸು ಎಂದರೆ 26.67 ಎಂದು ತೋರಿಸುತ್ತದೆ, ಸೊನ್ನೆಗಳನ್ನು ಎಣಿಸುವ ಭಯವಿಲ್ಲ. ಆದರೆ ನನ್ನನ್ನು ನಿಜವಾಗಿ ಹಿಡಿದಿಟ್ಟದ್ದು ಅದರ ಗಡಿಯಾರ. ದಿನಾಂಕವೂ ಅದಕ್ಕೊಂದು ಸಂಖ್ಯೆಯೇ ಆದ್ದರಿಂದ ಇಂದಿನ ದಿನಾಂಕಕ್ಕೆ 28 ದಿನ ಕೂಡಿಸಿ, ಬಂದ ದಿನಾಂಕಕ್ಕೆ ಅಲಾರಂ ಇಡುವುದನ್ನು ಒಂದೇ ಚಿಕ್ಕ ಪ್ರೋಗ್ರಾಮಿನಲ್ಲಿ ಬರೆಯಬಹುದು. ನಾನು ಹಾಗೆಯೇ ಬರೆದೆ. ಸ್ಲ್ಯಾಬಿನ ಹೆಸರು ಕೊಟ್ಟು ಒಂದು ಕೀಲಿ ಒತ್ತಿದರೆ 7ನೆಯ ಮತ್ತು 28ನೆಯ ದಿನದ ಬೆಳಗಿನ ಒಂಬತ್ತು ಗಂಟೆಗೆ ಎರಡು ಅಲಾರಂಗಳು ತಾವಾಗಿಯೇ ಕೂರುತ್ತವೆ. ಕೂಗಿದಾಗ ನಾನು ಹತ್ತಿರವಿಲ್ಲದಿದ್ದರೂ ಅದು ಅಳಿಸಿಹೋಗದೆ ಬಾಕಿಯೆಂದು ಪಟ್ಟಿಯಲ್ಲಿ ಉಳಿದಿರುತ್ತದೆ. ನೆನಪೋಲೆಯ ಬದಲು ಒಂದು ಪ್ರೋಗ್ರಾಮನ್ನೇ ಆ ಹೊತ್ತಿಗೆ ಓಡಿಸುವಂತೆಯೂ ಅಲಾರಂ ಇಡಬಹುದು. ಕೊರತೆ ಇರುವುದು ಬರವಣಿಗೆಯಲ್ಲಿ. ಅಕ್ಷರಗಳು ಗಣಿತದ ಕೀಲಿಗಳ ಮೇಲೆಯೇ ವರ್ಣಮಾಲೆಯ ಕ್ರಮದಲ್ಲಿ ಇರುವುದರಿಂದ ಒಂದು ಸಾಲಿನ ಟಿಪ್ಪಣಿಗೂ ಬಹಳ ಹೊತ್ತು ಬೇಕು, ಮತ್ತು ತಿಂಗಳನ್ನು ಒಟ್ಟಾಗಿ ಕಾಣಿಸುವ ಕ್ಯಾಲೆಂಡರ್ ಪುಟವಿಲ್ಲ.

1994ರ 200ಎಲ್‌ಎಕ್ಸ್ ಇದರ ಕನ್ನಡಿಬಿಂಬದಂತಿದೆ, ಎಡಬಲ ಅದಲುಬದಲು. ಎರಡು ಎಎ ಸೆಲ್ಲುಗಳಲ್ಲಿ ಡಾಸ್ 5.0 ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಓಡಿಸುವ ಈ ಪುಟ್ಟ ಕಂಪ್ಯೂಟರಿನಲ್ಲಿ ಅಪಾಯಿಂಟ್‌ಮೆಂಟ್ ಪುಸ್ತಕ, ಫೋನ್ ಪುಸ್ತಕ, ಡೇಟಾಬೇಸ್, ಲೋಟಸ್ 1-2-3 ಎಂಬ ಲೆಕ್ಕದ ಹಾಳೆ (ಸ್ಪ್ರೆಡ್‌ಶೀಟ್) ಎಲ್ಲವೂ ಅಡಕವಾಗಿವೆ. ಪೂರ್ಣ ಕೀಲಿಮಣೆಯ ಪಕ್ಕದಲ್ಲಿ ಅಂಕಿಗಳಿಗೆಂದೇ ಬೇರೆ ಕೀಲಿಗಳಿವೆ. ಕ್ಯೂಬುಗಳ ಇಡೀ ರಿಜಿಸ್ಟರನ್ನು ಲೋಟಸ್ ಹಾಳೆಯಲ್ಲಿಟ್ಟು, ಸರಾಸರಿಯನ್ನೂ ಎಂ25ಕ್ಕೆ (28ನೆಯ ದಿನ 25 ಮೆಗಾಪ್ಯಾಸ್ಕಲ್ ಬಲ ಬೇಕಾದ ಕಾಂಕ್ರೀಟ್ ದರ್ಜೆ) ಎಷ್ಟು ಹೆಚ್ಚು ಎಷ್ಟು ಕಡಿಮೆ ಎಂಬುದನ್ನೂ ಸೈಟಿನಲ್ಲಿಯೇ ತೆಗೆದುಕೊಟ್ಟೆ. ಉಳಿದೆರಡರಲ್ಲಿ ಅದನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಲಾಗಲಿಲ್ಲ. ಅದರ ಕ್ಯಾಲ್ಕುಲೇಟರಿನಲ್ಲೂ ಆರ್‌ಪಿಎನ್ ಇದೆ, ದಿನಾಂಕದ ಲೆಕ್ಕವೂ ಇದೆ. ಆದರೆ ಅಲ್ಲಿ ಬಂದ ದಿನಾಂಕವನ್ನು ಓದಿಕೊಂಡು ಅಪಾಯಿಂಟ್‌ಮೆಂಟ್ ಪುಸ್ತಕಕ್ಕೆ ಹೋಗಿ ಆ ಪುಟವನ್ನು ನಾನೇ ತೆರೆಯಬೇಕಾಗುತ್ತಿತ್ತು. ಮಡಚುವ ಯಂತ್ರವಾದ್ದರಿಂದ ನಿಂತುಕೊಂಡು, ಇನ್ನೊಂದು ಕೈಯಲ್ಲಿ ಡ್ರಾಯಿಂಗ್ ಹಿಡಿದು ಬಳಸುವುದೂ ಕಷ್ಟ.

ಡಿಎಂ42 ಇಂದಿನ ಯಂತ್ರ. 34 ಅಂಕಿಗಳ ನಿಖರತೆ ನನ್ನ ಕೆಲಸಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚು, ಆದರೆ ಅದರ 400×240 ಚುಕ್ಕಿಗಳ ಪರದೆ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಕಾಗದದಂತೆ ಓದಿಸಿಕೊಳ್ಳುತ್ತದೆ. ಒಂದೇ ಒಂದು ಸಿಆರ್2032 ಬಿಲ್ಲೆ ಸೆಲ್ಲು ಸಾಕು. ಯುಎಸ್‌ಬಿ ತಂತಿ ಚುಚ್ಚಿದರೆ ಪೆನ್‌ಡ್ರೈವಿನಂತೆ ತೆರೆದುಕೊಂಡು ಪ್ರೋಗ್ರಾಮುಗಳನ್ನು ಕಂಪ್ಯೂಟರಿಗೆ ಕೊಡುತ್ತದೆ. ಗಡಿಯಾರವಿದೆ, ದಿನಾಂಕ ಕೂಡಿಸುವ ಕ್ರಿಯೆಯಿದೆ, ಅಪಾಯಿಂಟ್‌ಮೆಂಟ್ ಪುಸ್ತಕವಿಲ್ಲ.

ಮೊಬೈಲಿನಲ್ಲಿ ಫ್ರೀ42 ಎಂಬ ಆರ್‌ಪಿಎನ್ ಕ್ಯಾಲ್ಕುಲೇಟರ್ ಆ್ಯಪ್ ಹಾಕಿಕೊಂಡು ಮೊಬೈಲಿನ ಕ್ಯಾಲೆಂಡರನ್ನೇ ಬಳಸಬಹುದಲ್ಲ ಎಂದು ಗೆಳೆಯರು ಕೇಳುತ್ತಾರೆ. ಸಿಮೆಂಟ್ ಮೆತ್ತಿದ ಬೆರಳಿಗೆ ಗಾಜು ಸ್ಪಂದಿಸುವುದಿಲ್ಲ, ಕೀಲಿ ಒತ್ತಿದ ಅನುಭವ ಇಲ್ಲದ ಕಡೆ ನಾನು ಪ್ರತಿ ಅಂಕಿಯನ್ನೂ ಎರಡು ಸಲ ನೋಡಬೇಕಾಗುತ್ತದೆ, ಮತ್ತು ಅಲ್ಲಿಯೂ ಲೆಕ್ಕಕ್ಕೂ ಕ್ಯಾಲೆಂಡರಿಗೂ ನಡುವೆ ಗೋಡೆ ಇದ್ದೇ ಇದೆ.

ಹೊಸ ಯಂತ್ರದ ಬಗ್ಗೆ ನನ್ನ ನಿರೀಕ್ಷೆ ಈಗ ಸ್ಪಷ್ಟವಾಗಿದೆ. ಡಿಎಂ42ರ ಪರದೆ ಮತ್ತು ಯುಎಸ್‌ಬಿ ಇರಲಿ, 200ಎಲ್‌ಎಕ್ಸ್‌ನ ತಿಂಗಳ ನೋಟವೂ ಒಂದು ಸಣ್ಣ ಹಾಳೆಯೂ ಇರಲಿ. ಇವೆರಡರಲ್ಲಿ ಒಂದಿಷ್ಟು ಕಡಿಮೆಯಾದರೂ ನಾನು ಹೊಂದಿಕೊಳ್ಳಬಲ್ಲೆ. ಲೆಕ್ಕದ ಉತ್ತರವಾಗಿ ಬಂದ ದಿನಾಂಕ ನಡುವೆ ಯಾರ ಕೈಯೂ ತಾಗದೆ ದಿನಚರಿಯ ಪುಟಕ್ಕೆ ಇಳಿಯುವ 48ಜಿಎಕ್ಸ್‌ನ ಗುಣವನ್ನು ಮಾತ್ರ ಬಿಟ್ಟುಕೊಡಲಾರೆ. ಅಂಥ ಯಂತ್ರ ಮಾರುಕಟ್ಟೆಗೆ ಬರುವವರೆಗೆ ಅಂಗಿಯ ಜೇಬಿನಲ್ಲಿ ಡಿಎಂ42, ಸೈಟ್ ಆಫೀಸಿನ ಮೇಜಿನ ಮೇಲೆ 48ಜಿಎಕ್ಸ್ ಇರುತ್ತದೆ; ಮುಂದಿನ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅದು ಎರಡನೆಯ ಮಹಡಿಯ ಸ್ಲ್ಯಾಬಿಗಾಗಿ ಕೂಗಲಿದೆ.